ಪರೀಕ್ಷೆ ಪಾಸಾದ ಫ್ರೀವೀಲು

ನನ್ನ ಭಾವ ಕುರ್ಚಿಯ ಮೇಲೆ ಕೂರುವ ಮೊದಲು ಅದನ್ನು ಅಲ್ಲಾಡಿಸಿ ನೋಡುವ ಮನುಷ್ಯ. ಅಕ್ಕನನ್ನು ಮದುವೆಗೆ ಕೇಳಲು ಮೊದಲ ಸಲ ನಮ್ಮ ಮನೆಗೆ ಬಂದಾಗ, ಬಾಲ್ಕನಿಯ ಕಂಬಿಗೆ ಒರಗುವ ಮುನ್ನ ಎರಡೂ ಕೈಯಲ್ಲಿ ಹಿಡಿದು ಜಗ್ಗಿದರು. ಕಂಬಿ ಕಿತ್ತು ಕೈಗೇ ಬಂತು. ಅಪ್ಪನ ಮುಖ ಸಣ್ಣಗಾಯಿತು, ಅಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡಳು, ನಾನಂತೂ ಒಳಗೊಳಗೇ ಕುದಿದುಹೋದೆ. ಹೆಣ್ಣು ಕೇಳಲು ಬಂದವನು ಮನೆಯ ಕಂಬಿ ಕೀಳುವುದೆಂದರೇನು? ಅವರು ಹೋದ ಮೇಲೆ ಹೊಳೆಯಿತು: ದಿನಾ ತಲೆ ಒಣಗಿಸಿಕೊಳ್ಳಲು ನಾನು ಬೆನ್ನು ಕೊಟ್ಟು ನಿಲ್ಲುತ್ತಿದ್ದದ್ದು ಅದೇ ಕಂಬಿಗೆ. ಕೆಳಗೆ ಮೂರು ಮಹಡಿ. ಅಂದಿನಿಂದ ಅವರ ವಿಷಯದಲ್ಲಿ ನನ್ನ ಬಾಯಿ ಸ್ವಲ್ಪ ಕಡಿಮೆಯಾಯಿತು, ಪೂರ್ತಿ ಏನಲ್ಲ.

ಅವರು ಲಿಫ್ಟ್ ಮೆಕ್ಯಾನಿಕ್. ಹಗ್ಗ ಹರಿದರೂ ಲಿಫ್ಟ್ ಬೀಳದಂತೆ ಎರಡು ಪಕ್ಕದ ಹಳಿಗಳನ್ನು ಕಚ್ಚಿ ಹಿಡಿಯುವ ಕಬ್ಬಿಣದ ದವಡೆಗಳಿರುತ್ತವೆ. ಅವು ಸರಿಯಾಗಿ ಕಚ್ಚುತ್ತವೆಯೇ ಎಂದು ನೋಡುವುದೇ ಅವರ ಜೀವನ. ಹೊಸ ಲಿಫ್ಟ್ ಕೂರಿಸಿದ ಮೇಲೆ ಅದರೊಳಗೆ ಕಬ್ಬಿಣದ ಗಟ್ಟಿಗಳನ್ನು ಪೇರಿಸುತ್ತಾರೆ, ಜನರ ತೂಕಕ್ಕಿಂತ ಹೆಚ್ಚಾಗಿ ಪೇರಿಸುತ್ತಾರೆ, ಮೇಲಿನಿಂದ ಬಿಡುತ್ತಾರೆ, ದವಡೆ ಕಚ್ಚಬೇಕು. ಕಚ್ಚಿದ ಮೇಲೂ ತಾವೇ ಹತ್ತಿ ಒಂದು ಸಲ ಮೇಲೆ ಕೆಳಗೆ ಹೋಗಿ ಬಂದು ಆಮೇಲೆ ಸಹಿ ಹಾಕುತ್ತಾರೆ. ಮನೆಯಲ್ಲೂ ಇದೇ ಪಾಠ. ಗ್ಯಾಸ್ ಆಫ್ ಮಾಡಿ ಬಂದೆ ಎಂದರೆ "ಇನ್ನೊಂದ್ಸಲ ನೋಡು," ಬೀಗ ಹಾಕಿದೆ ಎಂದರೆ "ಇನ್ನೊಂದ್ಸಲ ಜಗ್ಗು." ನಮ್ಮ ಬಳಗದಲ್ಲಿ ಅವರ ಹೆಸರೇ ಇನ್ನೊಂದ್ಸಲ ಭಾವ ಎಂದಾಗಿಹೋಯಿತು. ಎದುರಿಗೇ ಕರೆದರೂ ನಗುತ್ತಾರೆ.

ಇಂಥ ಮನುಷ್ಯನ ಹೊಟ್ಟೆಯಲ್ಲಿ ಮಿಡತೆ ಹುಟ್ಟಿದಳು. ಅಕ್ಕನ ಒಬ್ಬಳೇ ಮಗಳು. ನಡೆಯಲು ಕಲಿತದ್ದಕ್ಕಿಂತ ಮೊದಲು ನೆಗೆಯಲು ಕಲಿತವಳು, ಅದಕ್ಕೇ ಆ ಹೆಸರು. ಕಾಲೇಜು ಸೇರಿದ ವರ್ಷ ಎಲ್ಲಿಂದಲೋ ಒಂದು ಹಳೆಯ ಸೈಕಲ್ ತಂದು ನನಗೆ ತೋರಿಸಿದಳು. ನಾನು ಅದರ ಸುತ್ತ ಒಂದು ಸುತ್ತು ಬಂದೆ.

"ಸೀಟೆಲ್ಲಿ?" ಎಂದೆ.

"ಸೀಟಿರಲ್ಲ ಚಿಕ್ಕಮ್ಮ. ಇದು ಟ್ರಯಲ್ಸ್ ಸೈಕಲ್. ಕೂರೋಕಲ್ಲ, ನೆಗೆಯೋಕೆ."

ಹೇಳಿದ್ದಷ್ಟೇ ಅಲ್ಲ, ಮಾಡಿಯೂ ತೋರಿಸಿದಳು. ಅಂಗಳದ ಕಟ್ಟೆಯ ಮುಂದೆ ಸೈಕಲ್ಲನ್ನು ಹಿಂದಿನ ಚಕ್ರದ ಮೇಲೆ ಎತ್ತಿ ನಿಲ್ಲಿಸಿ, ಕುಣಿದು ಕುಣಿದು ನಿಂತಲ್ಲೇ ನಿಂತು, ಪೆಡಲನ್ನು ಒಮ್ಮೆ ಜಾಡಿಸಿ ಒದ್ದು, ನನ್ನ ಸೊಂಟದೆತ್ತರದ ಕಟ್ಟೆಯ ಮೇಲೆ ಹೋಗಿ ಇಳಿದಳು. ನಾನು ಮೂಳೆ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಮೆಟ್ಟಿಲು ತಪ್ಪಿದವರು, ಬಾತ್‌ರೂಮಿನಲ್ಲಿ ಜಾರಿದವರು, ಸ್ಟೂಲಿನಿಂದ ಬಿದ್ದವರು ದಿನವಿಡೀ ನನ್ನ ಟೇಬಲ್ಲಿನ ಮೇಲೆ ಮಲಗುತ್ತಾರೆ. ಬೇಕೆಂದೇ ಬೀಳುವ ಜಾಗ ಹುಡುಕಿಕೊಂಡು ಹೋಗುವವಳನ್ನು ನಮ್ಮ ಮನೆಯಲ್ಲೇ ನೋಡುತ್ತೇನೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಭಾವ ಹೌಹಾರಿ ಆ ಸೈಕಲ್ಲನ್ನು ಗುಜರಿಗೆ ಹಾಕುತ್ತಾರೆಂದು ನಾನು ಕಾದೆ. ಅವರು ಹಾಕಲಿಲ್ಲ. ಮಗಳ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು, "ಒದೆಯುವಾಗ ನಿನ್ನ ಪೂರ್ತಿ ತೂಕ ಎಲ್ಲಿ ಬೀಳುತ್ತೆ?" ಎಂದು ಕೇಳಿದರು. ಮಿಡತೆ ಪೆಡಲಿನ ಬುಡದಲ್ಲಿದ್ದ ಹಲ್ಲಿನ ಚಕ್ರವೊಂದನ್ನು ಮುಟ್ಟಿ ತೋರಿಸಿದಳು. ಮಾಮೂಲು ಸೈಕಲ್ಲಿನಲ್ಲಿ ಫ್ರೀವೀಲು ಹಿಂದಿನ ಚಕ್ರದಲ್ಲಿರುತ್ತದೆ. ಇದರಲ್ಲಿ ಮುಂದೆ, ಪೆಡಲಿನ ಪಕ್ಕದಲ್ಲೇ. ಹಿಂದಕ್ಕೆ ತಿರುಗಿಸಿದರೆ ಟಿಕ್ ಟಿಕ್ ಎಂದು ಸುಮ್ಮನೆ ತಿರುಗುತ್ತದೆ, ಮುಂದಕ್ಕೆ ಒದ್ದರೆ ಒಳಗಿನ ಪುಟ್ಟ ಕೊಕ್ಕೆಗಳು ಹಲ್ಲಿಗೆ ಸಿಕ್ಕಿ ಹಿಡಿಯುತ್ತವೆ.

"ಹಿಡೀಲಿಲ್ಲ ಅಂದ್ರೆ?"

"ಹಿಡೀಲಿಲ್ಲ ಅಂದ್ರೆ ಕಾಲು ಗಾಳಿಗೆ ಒದ್ದ ಹಾಗೆ. ನಾನು ಕೆಳಗೆ."

ಭಾವನ ಕಣ್ಣು ಅರಳಿತು. ಅಯ್ಯೋ, ಅಪ್ಪನೂ ಕೆಟ್ಟ ಎಂದುಕೊಂಡೆ. ಅವರಿಗೆ ಅದು ಸೈಕಲ್ ಆಗಿ ಕಾಣಿಸುತ್ತಲೇ ಇರಲಿಲ್ಲ. ಮಗಳು ಹತ್ತಿದ ಒಂದು ಲಿಫ್ಟ್ ಕಾಣಿಸುತ್ತಿತ್ತು, ಅದಕ್ಕೊಂದು ದವಡೆ ಕಾಣಿಸುತ್ತಿತ್ತು.

ಎರಡು ವರ್ಷ ಹಾಗೇ ನಡೆಯಿತು. ಮಿಡತೆ ಸಣ್ಣಪುಟ್ಟ ಸ್ಪರ್ಧೆಗಳಲ್ಲಿ ಗೆದ್ದಳು, ಮೊಣಕಾಲು ಕೆತ್ತಿಸಿಕೊಂಡಳು, ಇನ್ನೂ ಎತ್ತರಕ್ಕೆ ಹೋದಳು. ದೊಡ್ಡದೊಂದು ಸ್ಪರ್ಧೆ ಹತ್ತಿರ ಬಂದಾಗ ಹಳೆಯ ಫ್ರೀವೀಲು ಸವೆದಿದೆ ಎಂದಳು. ಭಾವ ರಜಾ ಹಾಕಿದರು. ಮಗಳಿಗೆ ಜ್ವರ ಬಂದಾಗಲೂ ಅರ್ಧ ದಿನಕ್ಕಿಂತ ಹೆಚ್ಚು ರಜಾ ಹಾಕದ ಮನುಷ್ಯ! ನಾವು ಮೂವರೂ ಸೈಕಲ್ ಅಂಗಡಿಗೆ ಹೋದೆವು. ನಾನು ಯಾಕೆ ಹೋದೆ ಎಂದರೆ, ಈ ತಂದೆ ಮಗಳನ್ನು ಒಟ್ಟಿಗೆ ಬಿಟ್ಟರೆ ಏನು ತರುತ್ತಾರೋ ಎಂಬ ಭಯ ಅಕ್ಕನಿಗೆ.

ಅಂಗಡಿಯವನು ಮೂರು ಫ್ರೀವೀಲುಗಳನ್ನು ಬಟ್ಟೆಯ ಮೇಲೆ ಸಾಲಾಗಿ ಇಟ್ಟ. ನನ್ನ ಕಣ್ಣಿಗೆ ಮೂರೂ ಒಂದೇ. ಅವನು ಒಂದೊಂದನ್ನೂ ಬೆರಳಿನಿಂದ ತಿರುಗಿಸಿದ. ಮೊದಲನೆಯದು ಝರ್ ಎಂದಿತು, ರೇಷ್ಮೆ ಹರಿದ ಹಾಗೆ. ಎರಡನೆಯದು ಕಿರ್ ಎಂದಿತು. ಮೂರನೆಯದು ಟಕ್ ಟಕ್ ಟಕ್ ಎಂದು ಬಿಡಿಬಿಡಿಯಾಗಿ ಎಣಿಸುವಂತೆ ಸದ್ದು ಮಾಡಿತು.

"ಝರ್ ಅನ್ನೋದ್ರಲ್ಲಿ ಒಳಗೆ ಹಲ್ಲು ಜಾಸ್ತಿ," ಎಂದ ಅಂಗಡಿಯವನು. "ಕಾಲಿಟ್ಟ ಕೂಡ್ಲೇ ಹಿಡಿಯುತ್ತೆ, ಒಂಚೂರೂ ಸಡಿಲ ಇರಲ್ಲ. ಈ ಟಕ್ ಟಕ್‌ದು ಹಿಡಿಯೋಕೆ ಮೊದಲು ಸ್ವಲ್ಪ ತಿರುಗುತ್ತೆ. ಆದ್ರೆ ಹಲ್ಲು ದಪ್ಪ, ಕೊಕ್ಕೆ ದಪ್ಪ."

"ನಂಗೆ ಝರ್," ಎಂದಳು ಮಿಡತೆ ತಕ್ಷಣ.

"ಯಾವುದು ಜಾರಲ್ಲ?" ಎಂದರು ಭಾವ.

"ಸರ್, ಎಲ್ಲಾನೂ ಒಂದಲ್ಲ ಒಂದಿನ ಜಾರುತ್ತೆ. ಸವೆದ ಮೇಲೆ ಬದಲಾಯಿಸ್ತಾ ಇರಬೇಕು. ತೆಳು ಎಣ್ಣೆ ಎರಡು ಹನಿ ಬಿಡಿ, ಗ್ರೀಸ್ ತುಂಬಬೇಡಿ, ಹೊಸದನ್ನ ಬಿಚ್ಚಬೇಡಿ. ಬಿಚ್ಚಿದ್ರೆ ವಾಪಸ್ ತಗೊಳ್ಳಲ್ಲ."

ಒಂದಲ್ಲ ಒಂದು ದಿನ ಜಾರುತ್ತದೆ ಎಂಬ ಮಾತು ಭಾವನ ಕಿವಿಗೆ ಕಾದ ಸೀಸ ಹೊಯ್ದಂತಾಯಿತು. ಮೂರನ್ನೂ ಕಟ್ಟಿಸಿಕೊಂಡರು. ಮೂರೂ ಯಾಕೆ ಎಂದು ನಾನು ಕೇಳಿದ್ದಕ್ಕೆ, "ಪರೀಕ್ಷೆ ಮಾಡದೆ ಹೇಗೆ ಆರಿಸೋದು?" ಎಂದರು, ಪ್ರಶ್ನೆಯೇ ವಿಚಿತ್ರ ಎನ್ನುವ ಹಾಗೆ.

ಪರೀಕ್ಷೆ ಹೇಗೆ ನಡೆಯಿತೆಂದು ಕಣ್ಣಾರೆ ಕಂಡೆ. ಮರುದಿನ ಬೆಳಿಗ್ಗೆ ಅವರ ವರ್ಕ್‌ಶಾಪಿಗೆ ಊಟದ ಡಬ್ಬಿ ಕೊಡಲು ಹೋದಾಗ ಒಳಗಿನಿಂದ ಢಣ್ ಎಂದು ಬಂದ ಸದ್ದಿಗೆ ಡಬ್ಬಿ ಕೈಯಿಂದ ಬೀಳುವುದರಲ್ಲಿತ್ತು. ಬೆಂಚಿನ ಮೇಲಿದ್ದ, ಸಾಮಾನನ್ನು ಕಚ್ಚಿ ಹಿಡಿಯುವ ಕಬ್ಬಿಣದ ವೈಸಿಗೆ ಒಂದು ಫ್ರೀವೀಲನ್ನು ಬಿಗಿದಿದ್ದರು. ಅದಕ್ಕೆ ಆಳುದ್ದದ ಕಬ್ಬಿಣದ ಪೈಪು. ಪೈಪಿನ ತುದಿಗೆ ಲಿಫ್ಟಿನ ಗಟ್ಟಿಯೊಂದನ್ನು ಸರಪಳಿಯಲ್ಲಿ ಕಟ್ಟಿ, ಎತ್ತಿ, ಕೈ ಬಿಡುತ್ತಿದ್ದರು.

"ಭಾವಾ! ಏನ್ರೀ ಇದು, ಸೈಕಲ್ ಸಾಮಾನಿಗೆ ಈ ಶಿಕ್ಷೆ?"

"ನಿಧಾನಕ್ಕೆ ಭಾರ ಹೇರಿದ್ರೆ ಅದು ಪರೀಕ್ಷೆ ಅಲ್ಲಮ್ಮ. ಅವಳು ಒದೀತಾಳೆ. ಒದೆತಾನೇ ಕೊಡಬೇಕು. ಅವಳ ಒದೆತಕ್ಕಿಂತ ಜೋರಾಗಿ ಕೊಡಬೇಕು."

ಝರ್ ಎನ್ನುತ್ತಿದ್ದದ್ದು ಎರಡನೇ ಏಟಿಗೇ ಕರಕ್ಕೆಂದು ಜಾರಿತು. ಮಿಡತೆ ಕೇಳಿದ್ದು ಅದನ್ನೇ. ಕಿರ್ ಎನ್ನುತ್ತಿದ್ದದ್ದು ಸ್ವಲ್ಪ ಹೊತ್ತು ತಾಳಿ ಸಿಡಿಯಿತು. ಟಕ್ ಟಕ್ ಮಾತ್ರ ಏಟಿನ ಮೇಲೆ ಏಟು ತಿಂದರೂ ಜಗ್ಗಲಿಲ್ಲ. ಭಾವ ಬೆವರಿ ಒದ್ದೆಯಾಗಿದ್ದರು. ಗಟ್ಟಿಯ ಜೊತೆಗೆ ಇನ್ನೊಂದು ಗಟ್ಟಿ ಕಟ್ಟಿದರು. ಆಗಲೂ ಹಿಡಿಯಿತು. ಕೊನೆಗೆ ವೈಸಿನಿಂದ ತೆಗೆದು ಕಿವಿಯ ಹತ್ತಿರ ಹಿಡಿದು ತಿರುಗಿಸಿ, ನನ್ನ ಕಿವಿಗೂ ಹಿಡಿದರು. ಟಕ್ ಟಕ್ ಟಕ್.

"ಇದು ಪಾಸು," ಎಂದರು. ಮದುವೆಯ ದಿನವೂ ಅವರ ಮುಖದಲ್ಲಿ ಅಷ್ಟು ಸಮಾಧಾನ ಕಂಡಿರಲಿಲ್ಲ.

ಎರಡು ಹೊಸ ಸಾಮಾನನ್ನು ಪುಡಿ ಮಾಡಿದ್ದು ಕಂಡು ಅಕ್ಕ ರೇಗಿದಳು. ಮಿಡತೆಗೆ ಝರ್ ಹೋದ ದುಃಖ. ಆದರೂ ಅಪ್ಪ ನಡೆಸಿದ ಪರೀಕ್ಷೆಯ ಕತೆ ಕೇಳಿ ಅವಳ ಎದೆ ಉಬ್ಬಿತು. ಜೊತೆಯ ಸವಾರರಿಗೆಲ್ಲ ಹೇಳಿಕೊಂಡು ಬಂದಳು. ಆ ಪಾಸಾದ ಫ್ರೀವೀಲನ್ನೇ ಭಾವ ತಮ್ಮ ಕೈಯಾರೆ ಸೈಕಲ್ಲಿಗೆ ಕೂರಿಸಿದರು.

ಸ್ಪರ್ಧೆ ನಡೆದದ್ದು ಹಳೆಯ ಗೋದಾಮಿನ ಹಿಂದಿನ ಬಯಲಿನಲ್ಲಿ. ಮರದ ದಿಮ್ಮಿ, ಕಾಂಕ್ರೀಟ್ ಪೈಪು, ಕೇಬಲ್ ಸುತ್ತುವ ದೊಡ್ಡ ಮರದ ಉರುಳೆ ಎಲ್ಲವನ್ನೂ ಪೇರಿಸಿ, ಸುತ್ತ ಹಗ್ಗ ಕಟ್ಟಿದ್ದರು. ಹಗ್ಗದೊಳಗೆ ಸವಾರರನ್ನು ಬಿಟ್ಟು ಯಾರೂ ಕಾಲಿಡುವಂತಿಲ್ಲ. ಕಾಲನ್ನು ನೆಲಕ್ಕಾಗಲಿ ದಿಮ್ಮಿ ಪೈಪುಗಳಿಗಾಗಲಿ ತಾಗಿಸದೆ ಈ ತುದಿಯಿಂದ ಆ ತುದಿಗೆ ಹೋಗಬೇಕು, ತಾಗಿಸಿದಷ್ಟೂ ಅಂಕ ಹೋಗುತ್ತದೆ. ಅಕ್ಕ ನನ್ನ ತೋಳನ್ನು ಹಿಂಡುತ್ತಾ ನಿಂತಿದ್ದಳು. ಭಾವ ಕೈಕಟ್ಟಿಕೊಂಡು, ಸಹಿ ಹಾಕಿ ಮುಗಿಸಿದ ಲಿಫ್ಟಿನ ಮುಂದೆ ನಿಂತವರ ಹಾಗೆ ನಿರಾಳವಾಗಿದ್ದರು. ಅವರ ಧೈರ್ಯ ನೋಡಿ ನನಗೂ ಧೈರ್ಯ ಬಂದಿತ್ತು ಎಂದರೆ ಸುಳ್ಳಲ್ಲ.

ಮಿಡತೆ ಉರುಳೆಯ ಮೇಲೆ ಹಿಂದಿನ ಚಕ್ರದಲ್ಲಿ ನಿಂತಳು. ಎದುರಿಗೆ ಪೈಪು, ನಡುವೆ ಕಂದಕದಂಥ ಸಂದಿ. ಎರಡು ಸಲ ಕುಣಿದಳು. ಒದ್ದಳು.

ಕರಕ್ ಎಂಬ ಸದ್ದು ನನಗೆ ಕೇಳಿಸಿತು. ವರ್ಕ್‌ಶಾಪಿನಲ್ಲಿ ಎರಡು ಸಲ ಕೇಳಿದ್ದ ಸದ್ದು. ಅವಳ ಬಲಗಾಲು ಪೆಡಲಿನ ಸಮೇತ ಸರ್ರನೆ ಕೆಳಗಿಳಿಯಿತು, ಸೈಕಲ್ ಮುಂದೆ ಹೋಗಲಿಲ್ಲ, ಅವಳು ಮಾತ್ರ ಹೋದಳು. ಸಂದಿಯೊಳಗೆ ಬಿದ್ದಳು. ಅವಳ ಮೇಲೆ ಸೈಕಲ್ ಬಿತ್ತು. ಅಕ್ಕ ಕಿರುಚಿದಳು. ನಾನು ತಿರುಗಿ ಭಾವನ ಮುಖ ನೋಡಿದೆ. ಗರ ಬಡಿದವರ ಹಾಗೆ ನಿಂತಿದ್ದರು, ಕಟ್ಟಿದ ಕೈ ಇನ್ನೂ ಕಟ್ಟಿಕೊಂಡೇ ಇತ್ತು. "ಸಾಧ್ಯ ಇಲ್ಲ," ಎಂದರು. ಮಗಳನ್ನು ಎತ್ತಿಕೊಂಡು ಬರುವಾಗಲೂ ಅದನ್ನೇ ಹೇಳುತ್ತಿದ್ದರು. "ಸಾಧ್ಯನೇ ಇಲ್ಲ. ಪಾಸಾಗಿತ್ತು ಅದು."

ಅವಳ ಎಕ್ಸ್‌ರೇಯನ್ನು ನಾನೇ ತೆಗೆದೆ. ಬೇರೆಯವರು ಬರುತ್ತೇನೆಂದರೂ ಬಿಡಲಿಲ್ಲ. ಇಷ್ಟು ವರ್ಷದಲ್ಲಿ ಸಾವಿರಾರು ಕೈಗಳನ್ನು ಆ ಟೇಬಲ್ಲಿನ ಮೇಲೆ ತಿರುಗಿಸಿ ಇಟ್ಟಿದ್ದೇನೆ, ಇವಳ ಕೈಯನ್ನು ಸರಿಯಾಗಿ ಇಡಲು ಮೂರು ಸಲ ಪ್ರಯತ್ನಿಸಬೇಕಾಯಿತು. ಪರದೆಯ ಮೇಲೆ ಚಿತ್ರ ಬಂತು. ಮುಂಗೈಯ ಎರಡೂ ಮೂಳೆ ಮುರಿದಿದ್ದವು, ಒಂದು ಅಡ್ಡಡ್ಡ ಸರಿದಿತ್ತು. ಗಲ್ಲಕ್ಕೆ ಹೊಲಿಗೆ ಬೇಕಿತ್ತು. ತಲೆಗೆ ಏನೂ ಆಗಿರಲಿಲ್ಲ, ಹೆಲ್ಮೆಟ್ ಇತ್ತು. ಆಪರೇಷನ್ ಮಾಡಿ ಪ್ಲೇಟ್ ಕೂರಿಸಿದರು.

ಎರಡನೇ ದಿನ ಮಧ್ಯಾಹ್ನ ಅವಳ ಬಟ್ಟೆ ತರಲು ಅಕ್ಕನ ಮನೆಗೆ ಹೋದೆ. ಅಡುಗೆಮನೆಯ ಮೇಜಿನ ಮೇಲೆ ಹಳೆಯ ಟವೆಲ್ ಹಾಸಿ, ಭಾವ ಆ ಫ್ರೀವೀಲನ್ನು ಬಿಚ್ಚಿ ಕೂತಿದ್ದರು. ಕೈಯಲ್ಲಿ ಭೂತಗನ್ನಡಿ. ಅಕ್ಕ ಒಲೆಯ ಹತ್ತಿರ ನಿಂತಿದ್ದಳು, ಒಲೆ ಹಚ್ಚಿರಲಿಲ್ಲ.

"ಅಂಗಡಿಯವನ ಕೊರಳಪಟ್ಟಿ ಹಿಡೀತೀನಿ ನಾನು," ಎಂದೆ. "ಯಾವ ಕಳ್ಳ ಮಾಲು ಕೊಟ್ಟಿದಾನೆ ನೋಡಿ!"

ಭಾವ ಭೂತಗನ್ನಡಿಯನ್ನು ನನ್ನ ಕಡೆ ಚಾಚಿದರು. ಟವೆಲ್ಲಿನ ಮೇಲೆ ಉಗುರಿನಷ್ಟು ದೊಡ್ಡ ಮೂರು ಕೊಕ್ಕೆಗಳಿದ್ದವು. ಮೂರರ ತುದಿಯೂ ಮುರಿದಿತ್ತು.

"ಈ ಒಂದರದು ನೋಡಮ್ಮ. ಮುರಿದ ಜಾಗ ಬೆಳ್ಳಗೆ ಹೊಳೀತಿದೆ. ಇದು ಮೊನ್ನೆ ಮುರಿದದ್ದು, ಅವಳು ಬಿದ್ದಾಗ. ಇವೆರಡು ನೋಡು."

ಇವೆರಡರ ಮುರಿದ ಜಾಗ ಕಪ್ಪಗಿತ್ತು. ಎಣ್ಣೆ ಇಳಿದು, ಜಿಡ್ಡು ಕೂತು, ಅಂಚು ಉಜ್ಜಿ ನುಣುಪಾಗಿತ್ತು.

"ಹಳೇದಾ?" ಎಂದೆ.

"ಅವಳು ಹತ್ತೋಕೆ ಮುಂಚಿನದು. ಮೂರು ಕೊಕ್ಕೇಲಿ ಎರಡು ಮೊದಲೇ ಹೋಗಿದ್ವು. ಒಂದೇ ಒಂದು ಅವಳನ್ನ ಹೊತ್ಕೊಂಡಿತ್ತು."

"ಹಾಗಾದ್ರೆ ಅಂಗಡಿಯವನೇ..."

"ಅಂಗಡಿಯವನು ಹೊಸದೇ ಕೊಟ್ಟ." ಭಾವ ಕನ್ನಡಕ ತೆಗೆದರು. "ಗಟ್ಟಿ ಕಟ್ಟಿ ಹೊಡೆದೆನಲ್ಲ, ಆಗ ಹೋಗಿರೋದು ಇವು. ಒಂದು ಕೊಕ್ಕೆ ಉಳಿದಿದ್ರೂ ಟಕ್ ಟಕ್ ಅಂತ ಸದ್ದು ಬರುತ್ತೆ. ನಾನು ಸದ್ದು ಕೇಳಿ ಪಾಸು ಅಂದೆ. ನಾನೇ ಮುರಿದು, ನಾನೇ ಅವಳ ಕಾಲ ಕೆಳಗೆ ಇಟ್ಟೆ."

ನೋಡಿದ್ದೆನಲ್ಲ, ಪಕ್ಕದಲ್ಲೇ ನಿಂತು! ಆ ಏಟುಗಳನ್ನು ನೋಡಿ, ಹೊಡೆದದ್ದನ್ನೇ ಹಾಕುತ್ತಾರಲ್ಲ ಎಂಬ ಸಣ್ಣ ಯೋಚನೆಯೂ ನನ್ನ ತಲೆಗೆ ಬಂದಿರಲಿಲ್ಲ. ಲಿಫ್ಟಿನಲ್ಲಿ ಹಾಗೇ ಮಾಡುತ್ತಾರೆ, ಜನ ಹತ್ತುವ ಲಿಫ್ಟನ್ನೇ ಪರೀಕ್ಷಿಸಬೇಕು. ಅದರ ಪಕ್ಕದ ಇನ್ನೊಂದನ್ನು ಪರೀಕ್ಷಿಸಿ ಇದಕ್ಕೆ ಸಹಿ ಹಾಕಿದರೆ ಅದು ಮೋಸ. ಆದರೆ ಅಲ್ಲಿ ಪರೀಕ್ಷೆಯಾದ ಮೇಲೆ ದವಡೆಗಳನ್ನು ಬಿಚ್ಚಿ, ಒರೆಸಿ, ಕಣ್ಣಾರೆ ನೋಡುತ್ತಾರೆ. ಇಲ್ಲಿ ಅಂಗಡಿಯವನು ಬಿಚ್ಚಬೇಡಿ ಎಂದಿದ್ದ. ನಿಯಮ ಮುರಿಯದ ಮನುಷ್ಯ ಬಿಚ್ಚಲಿಲ್ಲ.

ಅಕ್ಕ ಒಲೆಯ ಹತ್ತಿರದಿಂದ ಮೇಜಿನ ಬಳಿಗೆ ಬಂದಳು.

"ಅವಳಿಗೆ ಹೇಳಬೇಡಿ," ಎಂದಳು.

ಭಾವ ತಲೆಯೆತ್ತಿದರು.

"ಕೇಳಿಸ್ತೇನ್ರೀ? ಹೇಳಬೇಡಿ. ಅಪ್ಪ ಅಂದ್ರೆ ಕಲ್ಲಿನ ಗೋಡೆ ಅಂದ್ಕೊಂಡಿದಾಳೆ ಅವಳು. ಆ ನಂಬಿಕೇಲೇ ಆ ಎತ್ತರ ಹತ್ತೋದು. ಮಾಲು ಕೆಟ್ಟದಿತ್ತು ಅಂತ ಹೇಳಿ, ಮುಗೀತು. ಯಾರಿಗೇನು ನಷ್ಟ?"

ನಾನೂ ಅಕ್ಕನ ಕಡೆಗೇ ಇದ್ದೆ. ಎರಡು ದಿನದ ಹಿಂದೆ ಆಪರೇಷನ್ ಆದ ಹುಡುಗಿಗೆ, ನಿನ್ನ ಕೈ ಮುರಿದದ್ದು ನಿನ್ನಪ್ಪನೇ ಎಂದು ಹೇಳುವುದಾದರೂ ಹೇಗೆ?

ಭಾವ ಆ ಮೂರು ಕೊಕ್ಕೆಗಳನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು. "ಕೆಲಸದಲ್ಲಿ ಹೀಗೆ ಮುಚ್ಚಿಟ್ಟವರನ್ನ ನಾನು ಮನೆಗೆ ಕಳಿಸಿದೀನಿ," ಎಂದರು. ಚಪ್ಪಲಿ ಹಾಕಿಕೊಂಡು ಹೊರಟೇಬಿಟ್ಟರು. ನಾವಿಬ್ಬರೂ ಅವರ ಹಿಂದೆ ಓಡಿದೆವು.

ವಾರ್ಡಿನಲ್ಲಿ ಮಿಡತೆ ಎಡಗೈಯಲ್ಲಿ ಬಿಸ್ಕತ್ತು ತಿನ್ನುತ್ತಿದ್ದಳು. ಗಲ್ಲಕ್ಕೆ ಪಟ್ಟಿ ಇದ್ದದ್ದರಿಂದ ಬಾಯಿ ಅರ್ಧ ಮಾತ್ರ ತೆರೆಯುತ್ತಿತ್ತು. ಭಾವ ಮಂಚದ ಪಕ್ಕ ಕುರ್ಚಿ ಎಳೆದು, ಅಲ್ಲಾಡಿಸಿ ನೋಡದೆ ಧೊಪ್ಪನೆ ಕೂತರು. ಕಾಗದ ಬಿಚ್ಚಿ ಹಾಸಿಗೆಯ ಮೇಲೆ ಇಟ್ಟು, ಬಿಳಿಯದು ಯಾವುದು ಕಪ್ಪಗಿನದು ಯಾವುದು ಎಂದು ತೋರಿಸಿದರು. ಒಂದು ಮಾತನ್ನೂ ಮೆತ್ತಗೆ ಮಾಡಲಿಲ್ಲ. ಅಕ್ಕ ಕಿಟಕಿಯ ಕಡೆ ತಿರುಗಿಕೊಂಡಿದ್ದಳು.

ಮಿಡತೆ ಅಳುತ್ತಾಳೆ, ಇಲ್ಲವೇ ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಕಪ್ಪಗಿದ್ದ ಒಂದು ಕೊಕ್ಕೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು.

"ಹಾಗಾದ್ರೆ ಅದು ನಿಜವಾಗ್ಲೂ ಜಾರಿತ್ತು," ಎಂದಳು.

"ಯಾವುದು?"

"ಸ್ಪರ್ಧೆಯ ಹಿಂದಿನ ದಿನ ಸಾಯಂಕಾಲ ಅಪ್ಪ. ಕಟ್ಟೆ ಹತ್ತುವಾಗ ಒಂದು ಹಲ್ಲು ಜಾರಿದ ಹಾಗಾಯ್ತು. ಕಾಲಿಗೆ ಗೊತ್ತಾಯ್ತು. ಆಮೇಲೆ ಇನ್ನೊಂದು ಸಲಾನೂ ಆಯ್ತು."

ಭಾವ ಕುರ್ಚಿಯನ್ನು ಇನ್ನೂ ಹತ್ತಿರಕ್ಕೆ ಎಳೆದರು. "ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಪರೀಕ್ಷೆ ಮಾಡಿದ್ದಲ್ವಾ?" ಎಂದಳು ಅವಳು, ಇದೇನು ಕೇಳುತ್ತೀಯ ಎಂಬಂತೆ. "ಅದು ಜಾರೋಕೆ ಹೇಗೆ ಸಾಧ್ಯ? ನನ್ನ ಕಾಲೇ ಸರಿಯಾಗಿ ಕೂತಿಲ್ಲ ಅಂದ್ಕೊಂಡೆ. ನಿಂಗೆ ಹೇಳಿದ್ರೆ ಬೇಜಾರಾಗುತ್ತೆ ಅಂತ ಸುಮ್ಮನಾದೆ."

ಕೈ ಮುರಿದದ್ದಕ್ಕಿಂತ, ಕಪ್ಪು ಕೊಕ್ಕೆಗಳಿಗಿಂತ, ನನ್ನನ್ನು ಬೆಚ್ಚಿ ಬೀಳಿಸಿದ್ದು ಈ ಮಾತು. ಯಾವ ಕಟ್ಟಡಕ್ಕೆ ಹೋದರೂ ಭಾವ ಮೊದಲು ಕೇಳುವುದು ದಿನಾ ಲಿಫ್ಟ್ ಹತ್ತುವವರನ್ನು: ಎಲ್ಲಾದರೂ ಜಗ್ಗಿದ ಹಾಗಾಗುತ್ತಾ, ಏನಾದರೂ ಸದ್ದು ಬರುತ್ತಾ? ಕಸ ಗುಡಿಸುವ ಹೆಂಗಸು ಹೌದು ಎಂದರೂ ಸಾಕು, ಲಿಫ್ಟ್ ನಿಲ್ಲಿಸಿಬಿಡುತ್ತಾರೆ. ಅಂಥವರ ಮಗಳು ತನ್ನ ಕಾಲಿಗೆ ತಿಳಿದದ್ದನ್ನು ಅಪ್ಪನ ಪರೀಕ್ಷೆಯ ಮುಂದೆ ಸುಳ್ಳೆಂದುಕೊಂಡು ಆ ಸಂದಿಯ ಮೇಲೆ ನೆಗೆದಿದ್ದಳು. ಪೂರ್ತಿ ನಂಬಿ ನೆಗೆದಿದ್ದಳು. ಭಾವ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಅವರು ಅಳುವುದನ್ನು ನಾನು ಕಂಡದ್ದು ಅದೇ ಮೊದಲು. ಪಕ್ಕದ ಮಂಚದ ರೋಗಿ ನಾಚಿಕೊಂಡು ಗೋಡೆಯ ಕಡೆ ಹೊರಳಿದಳು.

"ಇನ್ಮೇಲೆ ಜಾರಿತು ಅನ್ನಿಸಿದ್ರೆ," ಎಂದರು ಕೊನೆಗೆ, ಮೂಗು ಒರೆಸಿಕೊಂಡು, "ಯಾರು ಪರೀಕ್ಷೆ ಮಾಡಿದಾರೆ ಅಂತ ನೋಡಬೇಡ. ಇಳಿ. ನಾನು ಮಾಡಿದ್ರೂ ಇಳಿ."

"ಹೂಂ," ಎಂದಳು ಮಿಡತೆ. ಆ ಹೂಂ ನನಗೆ ಸಾಲಲಿಲ್ಲ. ಅಪ್ಪ ಅಳುತ್ತಿರುವಾಗ ಯಾರು ಬೇಕಾದರೂ ಹೂಂ ಎನ್ನುತ್ತಾರೆ. ನಾಳೆ ಜನರ ಮುಂದೆ, ಎತ್ತರದಲ್ಲಿ, ಗೆಲ್ಲುವ ಹೊತ್ತಿನಲ್ಲಿ ಇಳಿಯುತ್ತಾಳೆಯೇ?

ಕೈ ಕೂಡಿತು. ಕೂಡಿದ ಮೂಳೆಯ ಚಿತ್ರವನ್ನೂ ನಾನೇ ತೆಗೆದೆ, ಈ ಸಲ ಒಂದೇ ಪ್ರಯತ್ನಕ್ಕೆ ಅವಳ ಕೈ ಸರಿಯಾಗಿ ಇಟ್ಟೆ. ಮಿಡತೆ ಮತ್ತೆ ಸೈಕಲ್ ಹತ್ತುತ್ತೇನೆ ಎಂದಾಗ ಅಕ್ಕ ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಮೂರನೇ ದಿನ ಅಪ್ಪ ಮಗಳ ಜೊತೆ ತಾನೂ ಅಂಗಡಿಗೆ ಹೊರಟು ನಿಂತಳು, ಈ ಸಲ ಕಣ್ಣಮುಂದೆಯೇ ನಡೆಯಲಿ ಎಂದು. ಅಂಗಡಿಯವನಿಗೆ ಭಾವ ನಡೆದದ್ದೆಲ್ಲ ಹೇಳಿದರು. ಅವನು ಹಣೆ ಚಚ್ಚಿಕೊಂಡ.

"ಸರ್, ನೀವು ಆರಿಸಿದ್ದು ಸರಿಯಾದ್ದನ್ನೇ. ಟಕ್ ಟಕ್ಕೇ ಗಟ್ಟಿ. ಹೊಡೆದದ್ದನ್ನ ಹಾಕಿದ್ದು ತಪ್ಪು."

"ಅದೇ ಜಾತೀದು ಎರಡು ಕೊಡಿ," ಎಂದಳು ಮಿಡತೆ. ಭಾವನ ಕಡೆ ತಿರುಗಿ, "ಒಂದು ನಿಂಗೆ ಬಡಿಯೋಕೆ, ಒಂದು ನಂಗೆ ತುಳಿಯೋಕೆ. ನನ್ನದನ್ನ ನೀನು ಮುಟ್ಟಂಗಿಲ್ಲ."

ಭಾವ ತಮ್ಮ ಪಾಲಿನದನ್ನು ವರ್ಕ್‌ಶಾಪಿನಲ್ಲಿ ಮನಸಾರೆ ಬಡಿದು, ಬಿಚ್ಚಿ, ಯಾವ ಏಟಿಗೆ ಯಾವ ಕೊಕ್ಕೆ ಹೋಯಿತು ಎಂದು ನೋಡಿದರು. ಇನ್ನೊಂದನ್ನು ಮಿಡತೆ ತಾನೇ ಕೂರಿಸಿಕೊಂಡಳು. ಅವಳು ಸ್ಪ್ಯಾನರ್ ತಿರುಗಿಸುತ್ತಿದ್ದಷ್ಟು ಹೊತ್ತೂ ಭಾವ ಕೈಗಳನ್ನು ಜೇಬಿನಲ್ಲಿ ಹುದುಗಿಸಿಕೊಂಡು ಅಂಗಳದಲ್ಲಿ ಅತ್ತಿಂದಿತ್ತ ತಿರುಗಿದರು. ಪರೀಕ್ಷೆ ಮಾಡದ ಸಾಮಾನಿನ ಮೇಲೆ ಮಗಳನ್ನು ಹತ್ತಿಸುವುದು ಅವರಿಗೆ ಎಂಥ ಶಿಕ್ಷೆ ಎಂದು ನೋಡಿದವರಿಗೇ ಗೊತ್ತು.

ಮುಂದಿನ ಸ್ಪರ್ಧೆ ಅದೇ ಬಯಲಿನಲ್ಲಿ. ಮಿಡತೆ ಅಂದು ಎಲ್ಲರಿಗಿಂತ ಮುಂದಿದ್ದಳು. ಕೊನೆಯ ಸುತ್ತಿನಲ್ಲಿ ಉಳಿದದ್ದು ಎರಡು ಪೈಪುಗಳ ನಡುವಿನ ಒಂದೇ ಒಂದು ನೆಗೆತ. ಅದು ದಾಟಿದರೆ ಗೆಲುವು. ಅವಳು ಹಿಂದಿನ ಚಕ್ರದ ಮೇಲೆ ನಿಂತಳು. ಕುಣಿದಳು. ಇನ್ನೊಮ್ಮೆ ಕುಣಿದಳು. ಮುಂದಿನ ಚಕ್ರವನ್ನು ಮೆಲ್ಲಗೆ ಇಳಿಸಿ, ಪೆಡಲಿನತ್ತ ಬಗ್ಗಿ ನೋಡಿದಳು. ಅಕ್ಕನ ಉಗುರು ನನ್ನ ತೋಳಿನೊಳಗೆ ಇಳಿಯಿತು. ಸುತ್ತ ನಿಂತವರು "ನೆಗಿ! ನೆಗಿ!" ಎಂದು ಕೂಗುತ್ತಿದ್ದರು.

ಮಿಡತೆ ಕಾಲನ್ನು ಪೈಪಿನ ಮೇಲೆ ಇಟ್ಟುಬಿಟ್ಟಳು.

"ಅಪ್ಪಾ!" ಎಂದು ಕೂಗಿದಳು, ಅಷ್ಟು ಜನರ ಮುಂದೆ. "ಜಾರಿದ ಹಾಗಾಯ್ತು! ಇಳೀತೀನಿ!"

ಭಾವ ಹಗ್ಗ ಹಾರಿದರು. ಐವತ್ತು ದಾಟಿದ, ಬೀಗವನ್ನು ಮೂರು ಸಲ ಜಗ್ಗುವ ಮನುಷ್ಯ ಹಗ್ಗ ಹಾರಿ, ತೀರ್ಪುಗಾರ ಕೈಯೆತ್ತಿ ತಡೆಯುತ್ತಿದ್ದರೂ ಅವನನ್ನು ತಳ್ಳಿಕೊಂಡು, "ಇಳಿ ಮಗಳೇ! ಇಳಿ, ಇಳಿ!" ಎಂದು ಕೂಗುತ್ತಾ ಓಡಿದರು. ಕಾಲಿಟ್ಟದ್ದಕ್ಕೆ ಅವಳಿಗೆ ಒಂದಷ್ಟು ಅಂಕ ಮಾತ್ರ ಹೋಗುತ್ತಿತ್ತು. ಹೊರಗಿನವನು ಹಗ್ಗದೊಳಗೆ ನುಗ್ಗಿದ್ದಕ್ಕೆ ತೀರ್ಪುಗಾರ ಅವಳನ್ನು ಸ್ಪರ್ಧೆಯಿಂದಲೇ ತೆಗೆದುಹಾಕಿದ.

ಬಯಲಿನ ಅಂಚಿನಲ್ಲಿ ಕೂತು ತಂದೆ ಮಗಳು ಫ್ರೀವೀಲನ್ನು ಬಿಚ್ಚಿದರು. ಕೊಕ್ಕೆ ಮೂರೂ ಹೊಸದರ ಹಾಗಿದ್ದವು. ತುದಿ ಚೂಪಾಗಿತ್ತು, ಸ್ಪ್ರಿಂಗ್ ಸರಿಯಿತ್ತು. ಮಿಡತೆ ಹಲ್ಲುಗಳ ಮೇಲೆ ಬೆರಳಾಡಿಸಿ ನೋಡಿ, ಶೂ ತಿರುಗಿಸಿ ಅಡಿ ನೋಡಿದಳು. ಒದ್ದೆ ಮಣ್ಣು ಮೆತ್ತಿಕೊಂಡಿತ್ತು. ಜಾರಿದ್ದು ಫ್ರೀವೀಲಲ್ಲ, ಪೆಡಲಿನ ಮೇಲೆ ಶೂ.

"ಸುಮ್ಮಸುಮ್ಮನೆ ಇಳಿದೆ," ಎಂದಳು. "ಗೆಲ್ತಿದ್ದೆ ಅಪ್ಪ. ಏನೂ ಆಗಿರ್ಲಿಲ್ಲ ನೋಡು, ಎಷ್ಟು ಚೆನ್ನಾಗಿದೆ."

ಭಾವ ಕೊಕ್ಕೆಗಳನ್ನು ನೋಡುತ್ತಲೇ ಇರಲಿಲ್ಲ. ಅವಳ ಕೈಯನ್ನು, ಪ್ಲೇಟ್ ಕೂರಿಸಿದ ಕೈಯನ್ನು, ತಮ್ಮ ಎಣ್ಣೆಗೈಯಲ್ಲಿ ಹಿಡಿದುಕೊಂಡು ಜನ ತಿರುಗಿ ನೋಡುವಷ್ಟು ಜೋರಾಗಿ ನಗುತ್ತಿದ್ದರು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ಹೇಳಿದೆಯಲ್ಲ," ಎನ್ನುತ್ತಿದ್ದರು. "ನಂಗೆ ಹೇಳಿದೆಯಲ್ಲ." ಮಿಡತೆ ಸಿಟ್ಟಿನಿಂದ ಅವರನ್ನು ದುರುಗುಟ್ಟಿ ನೋಡಿದಳು, ಆಮೇಲೆ ತಲೆಯನ್ನು ಅವರ ಭುಜಕ್ಕೆ ಒತ್ತಿಕೊಂಡಳು.

ಅಕ್ಕ ಹೋಗಿ ಸೋತ ಮಗಳ ಬೆನ್ನಿಗೊಂದು, ಗೆದ್ದವರ ಹಾಗೆ ನಗುತ್ತಿದ್ದ ಗಂಡನ ಬೆನ್ನಿಗೊಂದು ಗುದ್ದಿ, ಇಬ್ಬರ ನಡುವೆ ಕೂತುಕೊಂಡಳು.